ಕುಂಚಿಗೆಯ ತೂಕ

ಬಸವನ ಬಾಗೇವಾಡಿಯಲ್ಲಿ ಮಗಳ ಮನೆಯಲ್ಲಿರುವ ಸಾವಿತ್ರವ್ವನವರಿಗೆ,

ಹನ್ನೊಂದು ವರ್ಷ ನಿಮ್ಮ ಜೊತೆ ಒಂದೇ ಅಂಗನವಾಡಿಯಲ್ಲಿ ಕೆಲಸ ಮಾಡಿದ ಭುವನೇಶ್ವರಿಯ ನಮಸ್ಕಾರ.

ಮೊದಲು ಈ ಪತ್ರವನ್ನು ನಿಮಗೆ ಓದಿ ಹೇಳುತ್ತಿರುವ ನಿಮ್ಮ ಮೊಮ್ಮಗಳಿಗೆ ಒಂದು ಮಾತು. ಪ್ರಜ್ಞಾ, ನಿನ್ನ ಅಜ್ಜಿ ನಡುವೆಯೇ "ಸಾಕ ಬಿಡವಾ, ಉಳದದ್ದು ಆಮ್ಯಾಲ ಓದೂಣು" ಎಂದು ಎದ್ದು ಹೋಗಲು ನೋಡುತ್ತಾರೆ. ಬಿಡಬೇಡ. ಸೆರಗು ಹಿಡಿದು ಕೂರಿಸಿ ಕೊನೆಯ ಸಾಲಿನವರೆಗೂ ಓದು. ನನ್ನನ್ನು ನಾನೇ ಬೈದುಕೊಂಡ ಕಡೆ ದನಿ ತಗ್ಗಿಸಬೇಡ. ಅವರನ್ನು ಹೊಗಳಿದ ಕಡೆ ಹಾರಿಸು ಎಂದರೆ ಹಾರಿಸಬೇಡ.

ಸಾವಿತ್ರವ್ವಾರೇ, ಹುಡುಗಿ ತಪ್ಪಾಗಿ ಓದುತ್ತಿಲ್ಲ. ನಾನೇ "ನೀವು" ಎಂದು ಬರೆದಿದ್ದೇನೆ. ಹನ್ನೊಂದು ವರ್ಷ ನಿಮ್ಮನ್ನು "ಸಾವಿತ್ರವ್ವಾ, ಬಾ ಇಲ್ಲೆ, ನೀರ ತಾ" ಎಂದು ಕರೆದೆ. ನೀವು ನನ್ನ ತಾಯಿಗಿಂತ ಹಿರಿಯರು. ನೀವು ಮಾತ್ರ ನನಗೆ "ಅಕ್ಕಾರ", "ಹೌದ್ರಿ", "ಆತ್ರಿ". ಊರು ಹಾಗೆ ಕಲಿಸಿತ್ತು, ನಾನು ಹಾಗೆ ಕಲಿತೆ ಎಂದು ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಊರು ಕಲಿಸಿದ್ದನ್ನೆಲ್ಲ ಕಲಿಯಬೇಕು ಎಂದು ನನ್ನ ನೇಮಕದ ಆದೇಶದಲ್ಲಿ ಯಾರೂ ಬರೆದಿರಲಿಲ್ಲ.

ಹೋದ ಶುಕ್ರವಾರ ಇಂಡಿಯಲ್ಲಿ ದೊಡ್ಡ ಕಾರ್ಯಕ್ರಮ ಆಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ಕಡೆಯ ಅಂಗನವಾಡಿಯವರನ್ನು ಸೇರಿಸಿ ಉತ್ತಮ ಕಾರ್ಯಕರ್ತೆಯರಿಗೆ ಸನ್ಮಾನ. ಅಚ್ಚಾದ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿತ್ತು. ವೇದಿಕೆಯ ಮೇಲೆ ನನ್ನ ಹೆಸರು ಕರೆಯಲಿಲ್ಲ. ನಿಮ್ಮ ಕಡೆಯ ಬಸ್ಸಿನಲ್ಲಿ ಯಾರಾದರೂ ನಿಮಗೆ ಹೇಳಿಯೇ ಇರುತ್ತಾರೆ: ಭುವನೇಶ್ವರಿ ಮೇಲಿನವರ ಜೊತೆ ಜಗಳ ತೆಗೆದಳಂತೆ, ತಲೆ ಕೆಟ್ಟಿದೆಯಂತೆ ಎಂದು. ಜಗಳ ತೆಗೆದದ್ದು ನಿಜ. ತಲೆ ಕೆಟ್ಟಿದ್ದು ಹನ್ನೆರಡು ವರ್ಷದ ಹಿಂದೆ, ಈಗ ಸರಿಯಾಗಿದೆ. ಅದನ್ನು ನಾನೇ ನಿಮಗೆ ಹೇಳಬೇಕು. ಹೇಳಿದ ಮೇಲೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ, ಅದನ್ನು ಈಗಲೇ ನೋಡಬೇಡಿ.

ನಾನು ಕೆಲಸಕ್ಕೆ ಸೇರಿದಾಗ ಇಪ್ಪತ್ಮೂರು ವರ್ಷ. ನೀವು ಆಗಲೇ ಹತ್ತೊಂಬತ್ತು ವರ್ಷದಿಂದ ಅಲ್ಲಿ ಸಹಾಯಕಿ. ಮೊದಲ ತಿಂಗಳ ತೂಕದ ದಿನ ತೊಲೆಯ ಕೊಂಡಿಗೆ ಗಡಿಯಾರದಂಥ ತಕ್ಕಡಿ ನೇತುಹಾಕಿ, ಮಕ್ಕಳನ್ನು ಕೂರಿಸುವ ಜೋಳಿಗೆ ಸಿಕ್ಕಿಸಿ, ನಾನು ಪುಸ್ತಕ ಬಿಚ್ಚಿ ಕೂತೆ. ನೀವು ಅಕ್ಕಿ ಡಬ್ಬಿಯ ಹಿಂದಿನಿಂದ ಒಂದು ಬಟ್ಟೆಯ ಗಂಟು ತಂದಿರಿ. ಬಿಚ್ಚಿದರೆ ಒಳಗೆ ಕರಿಕಲ್ಲು. ನಾನು ನಕ್ಕು, "ಇದಕ್ಕೇನ ಪೂಜಿ ಮಾಡ್ತೀ ಏನ?" ಎಂದೆ. ನೀವು ನಗಲಿಲ್ಲ. ಬಂದಗಿಸಾಬರ ಕಿರಾಣಿ ಅಂಗಡಿಯಲ್ಲಿ ಮೂರು ಸಲ ತೂಗಿಸಿ, ಹೆಚ್ಚಾದದ್ದನ್ನು ಬಾವಿಯ ಕಟ್ಟೆಗೆ ತಿಕ್ಕಿ ತೇಯಿಸಿ, ಸರಿಯಾಗಿ ಒಂದು ಕಿಲೋಗೆ ತಂದ ಕಲ್ಲು ಅದು.

"ಮೊದಲ ಕಲ್ಲ ತೂಗೂಣ್ರಿ ಅಕ್ಕಾರ. ತಕ್ಕಡಿ ಕರೇ ಹೇಳತೈತೋ ಇಲ್ಲೋ ಗೊತ್ತಾಗ್ತೈತಿ."

ಅದನ್ನು ನಿಮಗೆ ಯಾರೂ ಕಲಿಸಿರಲಿಲ್ಲ. ಯಾವ ತರಬೇತಿಗೂ ಸಹಾಯಕಿಯರನ್ನು ಕರೆಯುತ್ತಿರಲಿಲ್ಲ. ತರಬೇತಿಗೆ ನಾನು ಹೋಗುತ್ತಿದ್ದೆ, ಊಟ ಮಾಡಿ, ಪೆನ್ನು ಚೀಲ ತೆಗೆದುಕೊಂಡು ಬರುತ್ತಿದ್ದೆ. ಯಾವ ಮನೆಯಲ್ಲಿ ಬಸುರಿ ಹೆಂಗಸು ಊಟ ಬಿಟ್ಟಿದ್ದಾಳೆ, ಯಾವ ಮಗು ಎರಡು ದಿನದಿಂದ ಆಡುತ್ತಿಲ್ಲ, ಯಾವ ತಾಯಿ ಮೊಟ್ಟೆಯನ್ನು ಮಗುವಿಗೆ ಕೊಡದೆ ಗಂಡನಿಗೆ ಹಾಕುತ್ತಾಳೆ, ಇವೆಲ್ಲ ನಿಮಗೆ ಗೊತ್ತಿದ್ದವು. ನೀವು ಹೇಳುತ್ತಿದ್ದಿರಿ, ನಾನು ಬರೆಯುತ್ತಿದ್ದೆ, ಮೇಲಿನವರು ಬಂದು ನನ್ನನ್ನು ಹೊಗಳುತ್ತಿದ್ದರು. ಇನ್ನೊಂದನ್ನೂ ಬರೆಯುತ್ತೇನೆ, ಪ್ರಜ್ಞಾಗೆ ಗೊತ್ತಿರಲಿ. ಊರಲ್ಲಿ ಎಂಟು ಮನೆಯವರು ನೀವು ಮಾಡಿದ ಅಡುಗೆಯನ್ನು ತಮ್ಮ ಮಕ್ಕಳಿಗೆ ಉಣ್ಣಿಸುತ್ತಿರಲಿಲ್ಲ. ನೀವು ಯಾವ ಓಣಿಯವರು ಎಂಬುದೊಂದೇ ಅದಕ್ಕೆ ಕಾರಣ. ಆ ಎಂಟು ಮಕ್ಕಳ ಪಾಲಿನ ಅಕ್ಕಿಯನ್ನೂ ನೀವು ದಿನಾ ಅಳೆದು ಹಾಕುತ್ತಿದ್ದಿರಿ. "ಇವತ್ತರ ಬಂದಾವು, ಮಕ್ಕಳಲ್ರಿ" ಎನ್ನುತ್ತಿದ್ದಿರಿ.

ಆ ಎಂಟು ಮನೆಗಳಲ್ಲಿ ಒಂದು ಕಾಂತುವಿನ ಮನೆ.

ಕಾಂತುಗೆ ಆಗ ಹದಿನಾಲ್ಕು ತಿಂಗಳು. ತೂಕದ ದಿನ ಅವನನ್ನು ಎತ್ತಿಕೊಂಡು ಬಂದದ್ದು ಅಜ್ಜಿ. ತಲೆಯಿಂದ ಸೊಂಟದವರೆಗೆ ಇಳಿಬಿದ್ದ ಹತ್ತಿ ತುಂಬಿದ ಕುಂಚಿಗೆ, ಅದರ ಅಂಚಿಗೆಲ್ಲ ಮಣಿ. ಕಾಲಿಗೆ ಬೆಳ್ಳಿ ಕಡಗ, ಕೊರಳಿಗೆ ಮೂರು ತಾಯಿತ. ಮನೆಯಲ್ಲಿ ಬಡತನ ಇದ್ದರೂ ಮಗುವಿನ ಮೈಮೇಲೆ ತೋರಿಸಬಾರದು ಎಂಬ ಅಭಿಮಾನದ ಮುದುಕಿ. ನೀವು ಕುಂಚಿಗೆಯ ಗಂಟು ಬಿಚ್ಚಲು ಕೈ ಚಾಚಿದಿರಿ. ಮುದುಕಿ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು.

"ಆಕಿ ಕೈಲೆ ಬಿಚ್ಚಸಬ್ಯಾಡ್ರಿ. ನಮ್ಮ ಕೂಸಿನ ಮೈ ಆಕಿ ಮುಟ್ಟೂದ ಬ್ಯಾಡ."

ನಾನೇ ಬಿಚ್ಚುತ್ತೇನೆ ಎಂದರೆ ಅದಕ್ಕೂ ಒಪ್ಪಲಿಲ್ಲ. ಹತ್ತು ಮಂದಿಯ ಕಣ್ಣೆದುರು ಕುಂಚಿಗೆ ತೆಗೆದರೆ ದೃಷ್ಟಿಯಾಗುತ್ತದಂತೆ. ನಾನು ಗಟ್ಟಿಯಾಗಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಮುದುಕಿ ಎದ್ದು ಹೋದರೆ ಆ ತಿಂಗಳ ತೂಕದ ಪಟ್ಟಿಯಲ್ಲಿ ಒಂದು ಮಗು ಕಮ್ಮಿ ಬೀಳುತ್ತದೆ ಎಂಬುದು ನನ್ನ ಚಿಂತೆ. "ಇರ್ಲಿ ಬಿಡ್ರಿ" ಎಂದು ಕಡಗ, ತಾಯಿತ, ಕುಂಚಿಗೆ ಸಮೇತ ಮಗುವನ್ನು ನಾನೇ ಜೋಳಿಗೆಯಲ್ಲಿ ಕೂರಿಸಿದೆ. ಮುಳ್ಳು ಏಳು ಕಿಲೋ ನಾನೂರಕ್ಕೆ ನಿಂತಿತು.

ನೀವು ನನ್ನ ಕಿವಿಯ ಹತ್ತಿರ ಬಂದಿರಿ. "ಮೈಮ್ಯಾಲಿಂದೆಲ್ಲಾ ಕೂಡಿ ಮುನ್ನೂರು ಗ್ರಾಂ ಐತ್ರಿ ಅಕ್ಕಾರ. ಕೂಸಿಂದು ಅಟ್ಟ ಇಲ್ಲ. ಅದು ಕೆಂಪ ಐತಿ."

ಪ್ರಜ್ಞಾ, ನಮ್ಮ ತೂಕದ ಪಟ್ಟಿಯಲ್ಲಿ ಹಸಿರು ಎಂದರೆ ಮಗು ಚೆನ್ನಾಗಿದೆ, ಹಳದಿ ಎಂದರೆ ಸೊರಗುತ್ತಿದೆ, ಕೆಂಪು ಎಂದರೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಕೆಂಪಿದ್ದರೆ ಮಾತ್ರ ನಾವು ಚೀಟಿ ಬರೆಯುತ್ತಿದ್ದೆವು, ಚೀಟಿ ಇದ್ದರೆ ಅಲ್ಲಿ ಹದಿನಾಲ್ಕು ದಿನ ಹಾಸಿಗೆ, ಹಾಲು, ಔಷಧ. ಕಾಂತುವಿನ ವಯಸ್ಸಿಗೆ ಕೆಂಪು ಗೆರೆ ಇದ್ದದ್ದು ಏಳು ಕಿಲೋ ಇನ್ನೂರಕ್ಕೆ. ನಿನ್ನ ಅಜ್ಜಿ ಹೇಳಿದ ಮುನ್ನೂರು ಗ್ರಾಂ ಕಳೆದರೆ ಅವನು ಆ ಗೆರೆಯ ಕೆಳಗೆ. ಕಳೆಯದಿದ್ದರೆ ಮೇಲೆ.

ನಾನು ಏನು ಹೇಳಿದೆ ಎಂಬುದು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. "ಮುಳ್ಳು ಏನ ತೋರಸ್ತೈತಿ ಅದನ್ನ ಬರೀತೇನಿ. ಅಂದಾಜಿಲೆ ಬರಿಯಾಕ ಇದೇನ ಕಾಳಿನ ಸಂತಿ ಅಲ್ಲ" ಎಂದೆ. ಎಲ್ಲರಿಗೂ ಕೇಳುವಂತೆ ಎಂದೆ. ಬಹಳ ನಿಯಮ ಬಲ್ಲವಳಂತೆ ಹಳದಿಯಲ್ಲಿ ಚುಕ್ಕೆ ಇಟ್ಟೆ. ಅಂದು ಬೆಳಗ್ಗೆ ನೀವು ಕಲ್ಲು ತೂಗಿ ತಕ್ಕಡಿ ಸರಿಯಿದೆ ಎಂದು ತೋರಿಸಿದ್ದಿರಿ. ತಕ್ಕಡಿ ಸರಿಯಿತ್ತು, ಅದರ ಮುಂದೆ ಕೂತವಳು ಸರಿಯಿರಲಿಲ್ಲ.

ಒಂಬತ್ತು ದಿನಕ್ಕೆ ಕಾಂತುಗೆ ಭೇದಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ನಿಲ್ಲದಾಯಿತು. ನಿಮ್ಮ ಓಣಿಗೆ ಎಂದೂ ಕಾಲಿಡದ ಅವನ ತಾಯಿ ಓಡಿ ಬಂದು ನಿಮ್ಮ ಹೊಸ್ತಿಲಲ್ಲಿ ನಿಂತಳು. ನನ್ನ ಮನೆ ಹತ್ತಿರವಿತ್ತು, ಆದರೂ ನಿಮ್ಮ ಹತ್ತಿರ ಬಂದಳು. ಮಗುವನ್ನು ನಿಮ್ಮ ಕೈಗೇ ಕೊಟ್ಟಳು. ನೀವು ನಬಿಲಾಲನ ಟೆಂಪೋ ನಿಲ್ಲಿಸಿ ಪೇಟೆಯ ಆಸ್ಪತ್ರೆಗೆ ಹೋದಿರಿ. ಅಲ್ಲಿ ಚೀಟಿ ಕೇಳಿದರು. ನಬಿಲಾಲ ಚೀಟಿಗಾಗಿ ಟೆಂಪೋ ತಿರುಗಿಸಿಕೊಂಡು ನನ್ನ ಹತ್ತಿರ ಬಂದ. ನಾನು ಪುಸ್ತಕ ತೆರೆದು, "ಹಳದಿ ಐತಲ್ಲಪಾ, ನಾ ಹ್ಯಾಂಗ ಬರದ ಕೊಡ್ಲಿ?" ಎಂದೆ. ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿ ಹೋದ. ಇವತ್ತಿಗೂ ಅವನ ಟೆಂಪೋದಲ್ಲಿ ಕೂತರೆ ನಾನು ಕನ್ನಡಿಯ ಕಡೆ ನೋಡುವುದಿಲ್ಲ.

ನೀವು ಹಿಂದಿರುಗಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಮಗುವಿನ ಬಾಯಿಗೆ ಚಮಚದಿಂದ ಸಕ್ಕರೆ ಉಪ್ಪಿನ ನೀರು ಬಿಡುತ್ತ ಮರುದಿನದವರೆಗೆ ಕೂತಿರಿ. ದೊಡ್ಡ ಡಾಕ್ಟರು ಬಂದಾಗ ಎದ್ದು ಅಡ್ಡ ನಿಂತು, ಯಾರನ್ನೂ ಕೇಳದೆ ಕಾಂತುವಿನ ಕುಂಚಿಗೆ ಬಿಚ್ಚಿ, "ಚೀಟಿ ಇಲ್ರಿ ಸಾಹೇಬ್ರ. ಕೂಸ ಐತಿ, ಕೂಸ ನೋಡ್ರಿ" ಎಂದಿರಿ. ಬರಿಮೈಯಲ್ಲಿ ತೂಗಿದರು. ಆರು ಕಿಲೋ ಎಂಟುನೂರು. ಹಾಸಿಗೆ ಸಿಕ್ಕಿತು. ಕಾಂತುವಿನ ತಾಯಿ ನಿಮ್ಮ ಸೆರಗು ಬಿಡಲಿಲ್ಲ, ನೀವು ಹದಿನಾಲ್ಕು ದಿನ ಅಲ್ಲೇ ಇದ್ದಿರಿ.

ಆ ಹದಿನಾಲ್ಕು ದಿನ ಅಂಗನವಾಡಿಯಲ್ಲಿ ಒಲೆ ಹೊತ್ತಲಿಲ್ಲ. ನಾನು ಹಚ್ಚಬಹುದಿತ್ತು. ಅಡುಗೆ ನನ್ನ ಕೆಲಸವಲ್ಲ ಎಂದು ಮಕ್ಕಳ ಕೈಗೆ ಶೇಂಗಾ ಬೆಲ್ಲ ಕೊಟ್ಟು ಮನೆಗೆ ಕಳಿಸಿದೆ. ಬಿಸಿ ಊಟ ನಿಂತಿದೆ, ಸಹಾಯಕಿ ಹೇಳದೆ ಕೇಳದೆ ಹೋಗಿದ್ದಾಳೆ ಎಂದು ಕಚೇರಿಗೆ ಅರ್ಜಿ ಹೋಯಿತು. ಅರ್ಜಿ ಹಾಕಿದವರು ಯಾರು ಎಂದು ಆಮೇಲೆ ತಿಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೀವು ಮಾಡಿದ ಅಡುಗೆಯನ್ನು ಒಂದು ದಿನವೂ ಉಣ್ಣದ ಮನೆಯವರು, ನೀವು ಅಡುಗೆ ಮಾಡಲಿಲ್ಲ ಎಂದು ದೂರು ಕೊಟ್ಟಿದ್ದರು!

ವಿಚಾರಣೆಗೆ ನಮ್ಮಿಬ್ಬರನ್ನೂ ಕಚೇರಿಗೆ ಕರೆಸಿದರು. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ, ಮಗು ಕೆಂಪು ಇತ್ತೋ ಇಲ್ಲವೋ ಎಂದು. ನಾನು ಪುಸ್ತಕ ಮುಂದಿಟ್ಟೆ. ಹಳದಿ. "ಹಳದಿ ಇದ್ದ ಮಗುವಿಗಾಗಿ ಕೆಲಸ ಬಿಟ್ಟು ಯಾಕ ಹೋದೆ?" ಎಂದು ನಿಮ್ಮನ್ನು ಕೇಳಿದರು. ನೀವು ನನ್ನ ಕಡೆ ನೋಡಿದಿರಿ. ಒಂದು ಮಾತು ಸಾಕಿತ್ತು: ಕುಂಚಿಗೆ ಸಮೇತ ತೂಗಿದ್ದು ನಾನು, ತಪ್ಪು ನನ್ನದು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತೆ. ಯಾವ ತಿಂಗಳ ಹಾಳೆ ಇತ್ತು, ಅದರ ಮೂಲೆ ಎಲ್ಲಿ ಹರಿದಿತ್ತು, ಎಲ್ಲ ಇವತ್ತಿಗೂ ನೆನಪಿದೆ.

ನಿಮಗೆ ನೋಟೀಸು ಕೊಟ್ಟರು, ಕರ್ತವ್ಯಲೋಪ ಎಂದು. ಆ ವರ್ಷ ಉತ್ತಮ ಸಹಾಯಕಿ ಪಟ್ಟಿಗೆ ನಿಮ್ಮ ಹೆಸರು ಹೋಗಿತ್ತು, ಅದನ್ನು ಹೊಡೆದು ಹಾಕಿದರು. ನೋಟೀಸು ತಲುಪಿದ್ದಕ್ಕೆ ಗುರುತು ಬೇಕಿತ್ತು. ಗುಮಾಸ್ತ ಇಂಕಿನ ಪ್ಯಾಡು ನಿಮ್ಮ ಮುಂದೆ ಸರಿಸಿದ. ನೀವು ಮೆಲ್ಲಗೆ, "ಪೆನ್ನ ಕೊಡ್ರಿ, ನನಗ ಸಹಿ ಮಾಡಾಕ ಬರ್ತೈತ್ರಿ" ಎಂದಿರಿ. ನಿಜವಾಗಿಯೂ ಬರುತ್ತಿತ್ತು. ನಾನು ಮಕ್ಕಳಿಗೆ ಅಕ್ಷರ ತಿದ್ದಿಸುವಾಗ ನೀವು ಹಿಂದೆ ಕೂತು, ಮುರಿದ ಪಾಟಿಯ ಮೇಲೆ ಮೂರು ವರ್ಷ ನಿಮ್ಮ ಹೆಸರು ತಿದ್ದಿದ್ದಿರಿ. ಅವನು, "ಸಾಕ ಒತ್ತಬೇ, ಹೊತ್ತಾಗೇತಿ" ಎಂದು ನಿಮ್ಮ ಹೆಬ್ಬೆರಳು ಹಿಡಿದು ತಾನೇ ಒತ್ತಿಸಿದ. ಅದನ್ನೂ ನಾನು ನೋಡುತ್ತ ನಿಂತಿದ್ದೆ.

ಹಿಂದಿರುಗುವ ಬಸ್ಸಿನಲ್ಲಿ ನೀವು ಹೆಬ್ಬೆರಳನ್ನು ಸೆರಗಿಗೆ ಒರೆಸುತ್ತಲೇ ಇದ್ದಿರಿ. ಆಮೇಲೆ, "ಹೋಗ್ಲಿ ಬಿಡ್ರಿ ಅಕ್ಕಾರ. ಕೂಸ ಉಳೀತಲ್ಲ" ಎಂದಿರಿ. ನಾನು ಬಿಟ್ಟೆ. ನೀವು ಬೈದಿದ್ದರೆ, ಅತ್ತಿದ್ದರೆ, ನಾನು ಬಹುಶಃ ಆಗಲೇ ಬಾಯಿ ಬಿಡುತ್ತಿದ್ದೆನೋ ಏನೋ. ಇಲ್ಲ, ಇದೂ ತಪ್ಪು ಮಾತು. ನನ್ನ ಬಾಯಿ ತೆರೆಸುವ ಕೆಲಸವನ್ನೂ ನಿಮ್ಮ ತಲೆಗೇ ಕಟ್ಟುತ್ತಿದ್ದೇನೆ.

ಮುಂದಿನ ತಿಂಗಳ ತೂಕದ ದಿನ ನೀವು ನಿಮ್ಮದೊಂದು ಹಳೆಯ ಸೀರೆ ತಂದು ಮೂಲೆಯಲ್ಲಿ ಅಡ್ಡ ಕಟ್ಟಿದಿರಿ. "ತಾಯಿನ ಒಳಗ ಹೋಗಿ ಕುಂಚಿಗಿ ತಗದ ತರ್ಲಿ. ಯಾರ ಕೈನೂ ಹತ್ತಂಗಿಲ್ಲ, ಯಾರ ಕಣ್ಣೂ ಬೀಳಂಗಿಲ್ಲ" ಎಂದಿರಿ. ಬರಿಮೈಯ ಮಗುವನ್ನು ಸೀರೆಯ ಹಿಂದೆಯೇ ತೂಗಿದೆವು. ಮೊದಲು ಹೋದವಳು ಕಾಂತುವಿನ ಅಜ್ಜಿ. ಹೊರಗೆ ಬಂದು ಕಾಂತುವನ್ನು ಊಟದ ಸಾಲಿನಲ್ಲಿ ಕೂರಿಸಿದಳು. ಆ ದಿನ ನೀವು ಬಡಿಸುವಾಗ ಅನ್ನ ಎರಡು ಸಲ ಚೆಲ್ಲಿದಿರಿ. ಎಂಟು ಮನೆ ಏಳಾಯಿತು, ನಾಲ್ಕಾಯಿತು, ನೀವು ಬಿಡುವ ಹೊತ್ತಿಗೆ ಒಂದೇ ಒಂದು ಉಳಿದಿತ್ತು. ಅದಕ್ಕೆ ಯಾರೂ ನಿಮಗೆ ಸನ್ಮಾನ ಮಾಡಲಿಲ್ಲ.

ನಾಲ್ಕು ವರ್ಷದ ಹಿಂದೆ ನೀವು ನಿವೃತ್ತರಾದ ದಿನವೂ ಒಂದು ಶಾಲು ಬರಲಿಲ್ಲ. ಕೇಳಿದರೆ ಕಡತದಲ್ಲಿ ನೋಟೀಸು ಇದೆ ಎಂದರು. ನೀವು ಎಂದಿನಂತೆ ಕಸ ಗುಡಿಸಿ, ಪಾತ್ರೆ ಬೋರಲು ಹಾಕಿ, ಬಟ್ಟೆಯ ಗಂಟನ್ನು ನನ್ನ ಕೈಗೆ ಕೊಟ್ಟು, "ತಿಂಗಳಾ ಮೊದಲ ಇದನ್ನ ತೂಗ್ರಿ" ಎಂದು ಹೇಳಿ ಹೋದಿರಿ. ತೂಗುತ್ತಿದ್ದೇನೆ. ಒಂದು ತಿಂಗಳೂ ಬಿಟ್ಟಿಲ್ಲ.

ಈಗ ಹೋದ ತಿಂಗಳಿಗೆ ಬರುತ್ತೇನೆ. ಮೇಲ್ವಿಚಾರಕಿ ಮೇಡಂ ಬಂದರು. ಕೆಟ್ಟವರಲ್ಲ. ಅವರ ಮೇಲೆ ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು. "ನಿಮ್ಮ ಕೇಂದ್ರ ಆಯ್ಕೆ ಆಗೇತ್ರಿ ಭುವನೇಶ್ವರಿ. ಗೋಡೆ ಚಂದ, ಮಕ್ಕಳು ಚಂದ, ಎಲ್ಲಾ ಚಂದ. ಆರು ತಿಂಗಳಿಂದ ಕೆಂಪ ಇರಬಾರದು ಅಂತ ನಿಯಮ ಐತಿ. ಈ ತಿಂಗಳ ಒಂದ ಕೂಸು ಅಡ್ಡ ಬಂದೈತಿ" ಎಂದರು. ಆ ಕೂಸು ಕಾವೇರಿ, ಗಾರೆ ಕೆಲಸದ ಗೌಂಡಿ ಸಿದ್ದಾರೂಢನ ಮಗಳು. ಇಪ್ಪತ್ತು ತಿಂಗಳು. ಸೀರೆಯ ಹಿಂದೆ ಬರಿಮೈಯಲ್ಲಿ ಏಳು ಕಿಲೋ ಮುನ್ನೂರು. ಕೆಂಪು ಗೆರೆ ಏಳೂವರೆಗೆ.

"ಏಳು ಆರನೂರು ಮಾಡ್ರಿ. ಬರೇ ಮುನ್ನೂರು ಗ್ರಾಂ. ಮುಂದಿನ ತಿಂಗಳ ಬೇಕಾದ್ರ ಮತ್ತ ಕೆಂಪ ಮಾಡ್ರಿ, ಯಾರ ಬ್ಯಾಡಂತಾರ?"

ಮುನ್ನೂರು ಗ್ರಾಂ! ಬೇರೆ ಯಾವ ಅಂಕಿ ಹೇಳಿದ್ದರೂ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ, ನನಗೆ ಆ ಸನ್ಮಾನ ಬೇಕಿತ್ತು. ಬಹಳ ಬೇಕಿತ್ತು. ಇಳಕಲ್ ಸೀರೆ ತಂದಿದ್ದೆ. ಪ್ರಶಸ್ತಿ ಪತ್ರಕ್ಕೆಂದು ಅಂಗನವಾಡಿಯ ಗೋಡೆಗೆ ಮೊದಲೇ ಮೊಳೆ ಹೊಡೆದಿದ್ದೆ. ಹದಿನೈದು ವರ್ಷದಲ್ಲಿ ನಮ್ಮಂಥವರನ್ನು ಹೆಸರು ಹಿಡಿದು ವೇದಿಕೆಗೆ ಕರೆಯುವುದು ಎಷ್ಟು ಸಲ? ಪೋಲಿಯೋ ಹನಿ ಹಾಕಲು ನಾವು ಬೇಕು, ಮನೆ ಎಣಿಸಲು ನಾವು ಬೇಕು, ಚುನಾವಣೆಗೆ ನಾವು ಬೇಕು, ದೊಡ್ಡವರ ಸಭೆಯಲ್ಲಿ ಕುರ್ಚಿ ತುಂಬಲೂ ನಾವೇ ಬೇಕು. ಹೊಗಳಿಕೆಯ ಆಸೆ ನನಗೆ ಬರಬಾರದಿತ್ತೇ? ಬಂತು. ಈಗ ತೂಕ ಬರೆಯುವುದು ಮೊಬೈಲಿನಲ್ಲಿ. ಅದನ್ನು ಕೈಗೆತ್ತಿಕೊಂಡೆ, ತೂಕ ತಿದ್ದುವ ಜಾಗದವರೆಗೂ ಹೋದೆ.

ಅಷ್ಟರಲ್ಲಿ ಕಾವೇರಿ ತೆವಳುತ್ತ ಬಂದು ನನ್ನ ಸೀರೆಯ ನೆರಿಗೆ ಹಿಡಿದು ನಿಲ್ಲಲು ನೋಡಿದಳು. ನಿಲ್ಲಲಾಗಲಿಲ್ಲ. ಕೂತುಬಿಟ್ಟಳು. ಅಳಲೂ ಇಲ್ಲ, ಅದಕ್ಕೂ ಶಕ್ತಿ ಬೇಕಲ್ಲ. ಹಳದಿ ಎಂದು ಬರೆದರೆ ಅವಳಿಗೆ ಚೀಟಿ ಇಲ್ಲ. ಮುಂದಿನ ತಿಂಗಳವರೆಗೆ ಕಾಯಲು ಅವಳಿಗೆ ಯಾರು ಹೇಳಬೇಕು? ಆಸ್ಪತ್ರೆಯ ಪಡಸಾಲೆಯಲ್ಲಿ ಕೂರಲು ಈಗ ನೀವೂ ಇಲ್ಲ.

"ಬರಿಯಂಗಿಲ್ರಿ ಮೇಡಂ" ಎಂದೆ.

"ತಕ್ಕಡಿ ಕೆಟ್ಟೈತಿ, ತೂಕ ತಪ್ಪಾಗೇತಿ ಅಂತ ಬರೀರಿ. ಹಂಗೂ ನಡೀತೈತಿ" ಎಂದರು.

ನಾನು ಎದ್ದು ಅಕ್ಕಿ ಡಬ್ಬಿಯ ಹಿಂದಿನಿಂದ ನಿಮ್ಮ ಗಂಟು ತಂದೆ. ಈಗ ನೇತುಹಾಕುವ ತಕ್ಕಡಿ ಹೋಗಿ ಅಂಕಿ ತೋರಿಸುವ ಹೊಸ ಯಂತ್ರ ಬಂದಿದೆ. ಕಲ್ಲನ್ನು ಬಟ್ಟೆಯಿಂದ ತೆಗೆದು ಅದರ ಮೇಲಿಟ್ಟೆ. ಒಂದು ಕಿಲೋ, ಮುಂದೆ ಮೂರು ಸೊನ್ನೆ. ತೆಗೆದು ಮತ್ತೆ ಇಟ್ಟೆ. ಮತ್ತೆ ಅದೇ. "ತಕ್ಕಡಿ ಸರಿ ಐತ್ರಿ" ಎಂದೆ. ಮೇಡಂ ಕಲ್ಲನ್ನು ಕೈಗೆತ್ತಿಕೊಂಡು ನೋಡಿದರು. "ನಿಮಗ ಹೆಸರ ಬ್ಯಾಡೇನ್ರಿ?" ಎಂದು ಕೇಳಿದರು.

"ಬೇಕ್ರಿ. ಮೊದಲ ಕೂಸಿನ ಮೈಮ್ಯಾಲ ಮುನ್ನೂರು ಗ್ರಾಂ ಬರ್ಲಿ, ಆಮ್ಯಾಲ ನನ್ನ ಹೆಸರ ಬರ್ಲಿ" ಎಂದೆ. ಮೇಡಂ ಹೋಗುವಾಗ ಬಾಗಿಲಲ್ಲಿ ನಿಂತು, "ಆ ಕಲ್ಲ ಯಾರದು?" ಎಂದರು. ನಿಮ್ಮ ಹೆಸರು ಹೇಳಿದೆ. ಅದೇ ಮಧ್ಯಾಹ್ನ ಕಾವೇರಿಯ ಚೀಟಿಗೆ ತಾವೇ ಸಹಿ ಮಾಡಿ ಕಳಿಸಿದರು. ನನ್ನ ಹೆಸರನ್ನೂ ತಾವೇ ಹೊಡೆದು ಕಳಿಸಿದರು. ಎರಡೂ ಅವರ ಕೆಲಸ, ನನಗೆ ದೂರಿಲ್ಲ.

ಇಂಡಿಯ ಕಾರ್ಯಕ್ರಮಕ್ಕೆ ನಾನು ಹೋಗಿದ್ದೆ. ಇಳಕಲ್ ಸೀರೆ ಉಟ್ಟುಕೊಂಡೇ ಹೋಗಿದ್ದೆ. ತಪ್ಪು ಮಾಡಿದವಳಂತೆ ಮನೆಯಲ್ಲಿ ಯಾಕೆ ಕೂರಬೇಕು? ಮುಂದಿನ ಸಾಲಿನಲ್ಲಿ ಕೂತು, ಸನ್ಮಾನ ಆದವರಿಗೆಲ್ಲ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ. ಅವರಲ್ಲಿ ನಿಜವಾಗಿ ದುಡಿದವರು ಬಹಳ ಮಂದಿ ಇದ್ದರು. ಭಾಷಣದಲ್ಲಿ ಒಬ್ಬರು ನಮ್ಮನ್ನೆಲ್ಲ ತಾಯಂದಿರು ಎಂದರು. ಅಡುಗೆ ಮಾಡಿ, ಮಕ್ಕಳ ಮೂಗು ಒರೆಸಿ, ಮೈ ತೊಳೆದ ಸಹಾಯಕಿಯರು ಆ ಹೊತ್ತಿಗೆ ಪೆಂಡಾಲಿನ ಹಿಂದೆ ಊಟದ ಎಲೆ ಹಾಸುತ್ತಿದ್ದರು. ನನಗೆ ನಿಮ್ಮ ನೆನಪಾಯಿತು, ಆಮೇಲೆ ಚಪ್ಪಾಳೆ ತಟ್ಟಲಾಗಲಿಲ್ಲ.

ಸೋಮವಾರ ಬೆಳಗ್ಗೆ ಕಚೇರಿಗೆ ಹೋದೆ. ಹನ್ನೆರಡು ವರ್ಷದ ಹಿಂದೆ ಹೇಳಬೇಕಾದ ಮಾತನ್ನು ಹಾಳೆಯ ಮೇಲೆ ಬರೆದುಕೊಂಡು ಹೋಗಿದ್ದೆ. ಕಾಂತುವನ್ನು ಕುಂಚಿಗೆ ಸಮೇತ ತೂಗಿದ್ದು ನಾನು, ಸಾವಿತ್ರವ್ವನವರು ಎಚ್ಚರಿಸಿದರೂ ಕೇಳದವಳು ನಾನು, ಚೀಟಿ ಕೊಡದವಳು ನಾನು, ವಿಚಾರಣೆಯಲ್ಲಿ ಬಾಯಿ ಮುಚ್ಚಿ ನಿಂತವಳು ನಾನು. ಅವರ ಮೇಲಿನ ನೋಟೀಸು ರದ್ದು ಮಾಡಬೇಕು. ಈಗಿನ ಗುಮಾಸ್ತ ಮಾನಪ್ಪ ಓದಿ ನಕ್ಕ. "ಆಕಿ ರಿಟಾಯರ್ ಆಗಿ ನಾಕ ವರ್ಷ ಆತಲ್ರಿ. ಕಡತ ಕಟ್ಟಿ ಮ್ಯಾಲ ಇಟ್ಟೇವಿ. ಈಗ ಯಾಕ ಬೇಕ್ರಿ ಇದು?" ಎಂದ.

"ಕಟ್ಟಿದ್ದನ್ನ ಬಿಚ್ಚರಿ" ಎಂದೆ.

"ಬಿಚ್ಚಿದ್ರ ನಿಮ್ಮ ಕೊರಳಿಗೆ ಬರ್ತೈತಿ."

"ಬರ್ಲಿ."

ಬಂತು. ನಿನ್ನೆ ನನಗೆ ನೋಟೀಸು ಬಂತು, ತಪ್ಪು ದಾಖಲೆ ಬರೆದದ್ದಕ್ಕೆ ಏಳು ದಿನದಲ್ಲಿ ಉತ್ತರ ಕೊಡಬೇಕು ಎಂದು. ಗೋಡೆಗೆ ಹೊಡೆದ ಮೊಳೆ ಖಾಲಿ ಇತ್ತಲ್ಲ, ಪ್ಲಾಸ್ಟಿಕ್ ಹೊದಿಸಿ ನೋಟೀಸನ್ನು ಅಲ್ಲೇ ತೂಗುಹಾಕಿದ್ದೇನೆ. ಮಕ್ಕಳ ತಾಯಂದಿರು ಬಂದು, "ಏನ್ರಿ ಇದು, ಪ್ರಶಸ್ತಿ ಏನ್ರಿ?" ಎಂದು ಕೇಳುತ್ತಾರೆ. ಕೇಳಿದವರಿಗೆಲ್ಲ ಕುಂಚಿಗೆಯ ಕತೆ ಹೇಳುತ್ತೇನೆ. ನಿಮ್ಮ ಹೆಸರು ಹೇಳಿಯೇ ಹೇಳುತ್ತೇನೆ. ನನ್ನನ್ನು ಕೆಲಸದಿಂದ ತೆಗೆಯುತ್ತಾರೋ ಇಡುತ್ತಾರೋ, ಅದು ನನ್ನ ಪಾಡು, ನೀವು ಅದರ ಬಗ್ಗೆ ಒಂದು ನಿಟ್ಟುಸಿರೂ ಬಿಡಕೂಡದು.

ಈಗ ಲಕೋಟೆಯಲ್ಲಿರುವ ಇನ್ನೊಂದು ಹಾಳೆ ತೆಗೆಯಿರಿ. ನಾನು ಎಷ್ಟು ತಪ್ಪೊಪ್ಪಿಕೊಂಡರೂ ಸಾಲದಂತೆ. ನೋಟೀಸು ಪಡೆದವರೇ ಅರ್ಜಿ ಕೊಡಬೇಕು, ಕಚೇರಿಗೆ ಬಂದು ಎದುರಿಗೇ ಕೊಡಬೇಕು ಎಂದು ಮಾನಪ್ಪ ಹೇಳಿದ. ನೀವು ಬರುವುದಿಲ್ಲ ಎಂದೇ ಅವನು ಲೆಕ್ಕ ಹಾಕಿದ್ದಾನೆ. ಅರ್ಜಿ ನಾನು ಬರೆದಿದ್ದೇನೆ, ಪ್ರಜ್ಞಾ ಓದಿ ಹೇಳಲಿ. ಅದರಲ್ಲಿ ಬೇಡಿಕೊಳ್ಳುತ್ತೇನೆ ಎಂಬ ಮಾತೇ ಇಲ್ಲ, ನೋಟೀಸನ್ನು ವಾಪಸು ತೆಗೆದುಕೊಳ್ಳಿ ಎಂದಷ್ಟೇ ಇದೆ. ಕೆಳಗೆ ಜಾಗ ಬಿಟ್ಟಿದ್ದೇನೆ.

ನೀವು ಈಗ "ಹೋಗ್ಲಿ ಬಿಡ್ರಿ ಅಕ್ಕಾರ" ಎನ್ನುತ್ತೀರಿ. ಎಷ್ಟೋ ವರ್ಷದಿಂದ ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮೂವತ್ತು ವರ್ಷ ನೀವು ಬಿಡುತ್ತ ಬಂದಿರಿ, ನಾವೆಲ್ಲ ಎತ್ತಿಕೊಳ್ಳುತ್ತ ಬಂದೆವು. ನಿಮ್ಮ ಪಾಲಿನ ಹೊಗಳಿಕೆ ನಾನು ಎತ್ತಿಕೊಂಡೆ, ನನ್ನ ಪಾಲಿನ ತಪ್ಪು ನಿಮಗೆ ಬಿಟ್ಟೆ. ಇದೊಂದು ಸಲ ಬಿಡಬೇಡಿ. ನನ್ನನ್ನು ಕ್ಷಮಿಸಿ ಎಂದು ಕೇಳಲು ಈ ಪತ್ರ ಬರೆದಿಲ್ಲ. ಕ್ಷಮಿಸುವುದು ನಿಮಗೆ ಬಹಳ ಸುಲಭ, ಕೇಳುವ ಮೊದಲೇ ಕ್ಷಮಿಸುವವರು ನೀವು. ನನಗೆ ಬೇಕಾದದ್ದು ನಿಮ್ಮ ಸಿಟ್ಟು. ಒಂದು ಬೆಳಗಿನ ಮಟ್ಟಿಗಾದರೂ ಸಿಟ್ಟಾಗಿ ಬನ್ನಿ.

ಬರುವ ಸೋಮವಾರ ಬಾಗೇವಾಡಿಯಿಂದ ಬೆಳಗಿನ ಬಸ್ಸು ಹಿಡಿಯಿರಿ. ದೇವರ ಹಿಪ್ಪರಗಿಯ ಬಸ್ ನಿಲ್ದಾಣದಲ್ಲಿ ನಾನು ನಿಂತಿರುತ್ತೇನೆ. ನಬಿಲಾಲನಿಗೆ ಹೇಳಿದ್ದೇನೆ, ಅಲ್ಲಿಂದ ಟೆಂಪೋದಲ್ಲಿ ಕಚೇರಿಗೆ ಹೋಗೋಣ. ನಿಮಗಾಗಿ ಎಂದದ್ದಕ್ಕೆ ಮಾರ್ಕೆಟ್ಟಿನ ಬಾಡಿಗೆ ಬಿಟ್ಟು ಬರುತ್ತಿದ್ದಾನೆ. ಮುಂದಿನ ಸೀಟಿನಲ್ಲಿ ನೀವು ಕೂರುತ್ತೀರಿ. ಕಚೇರಿಯಲ್ಲೂ ಬಾಗಿಲ ಬಳಿ ನಿಲ್ಲುವಂತಿಲ್ಲ, ಕುರ್ಚಿಯಲ್ಲಿ ಕೂರಬೇಕು. ಕುರ್ಚಿ ಇಲ್ಲವೆಂದರೆ ಬರುವವರೆಗೆ ಇಬ್ಬರೂ ನಿಂತೇ ಇರೋಣ.

ಕಾವೇರಿ ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದಳು. ಕಲ್ಲು ತೂಗಿದ ಮೇಲೆ ಅವಳನ್ನು ತೂಗಿದೆ. ಏಳು ಕಿಲೋ ಎಂಟುನೂರು, ಬರಿಮೈಯಲ್ಲಿ. ಯಂತ್ರದಿಂದ ಇಳಿಸುವಾಗ ನನ್ನ ಕನ್ನಡಕ ಕಿತ್ತುಕೊಂಡು ಬಿಸಾಕಿದಳು. ಅದರ ಒಂದು ಕಡ್ಡಿ ಮುರಿದಿದೆ, ದಾರ ಕಟ್ಟಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಕೊನೆಯ ಮಾತು. ನೀವು ಅರ್ಜಿ ಮುಂದಿಟ್ಟ ಕೂಡಲೇ ಮಾನಪ್ಪ ಇಂಕಿನ ಪ್ಯಾಡು ತೆಗೆದು ನಿಮ್ಮ ಮುಂದೆ ಸರಿಸುತ್ತಾನೆ. ನೀವು ಅದನ್ನು ಹಿಂದಕ್ಕೆ ಸರಿಸಿ. ಪೆನ್ನು ಕೇಳಬೇಡಿ, ನಾನು ತಂದಿರುತ್ತೇನೆ. ಎಷ್ಟು ಹೊತ್ತಾದರೂ ಆಗಲಿ, ಹಿಂದೆ ಎಷ್ಟು ಜನ ಸಾಲು ನಿಂತರೂ ನಿಲ್ಲಲಿ, ಮುರಿದ ಪಾಟಿಯ ಮೇಲೆ ಮೂರು ವರ್ಷ ತಿದ್ದಿದ ನಿಮ್ಮ ಹೆಸರನ್ನು ಪೂರ್ತಿ ಬರೆಯಿರಿ. ಈ ಸಲ ನಾನು ಕ್ಯಾಲೆಂಡರ್ ನೋಡುವುದಿಲ್ಲ, ನಿಮ್ಮ ಕೈಯನ್ನೇ ನೋಡುತ್ತ ಪಕ್ಕದಲ್ಲಿ ನಿಂತಿರುತ್ತೇನೆ.

ನಿಮಗೆ ಆಯುಷ್ಯ ಗಟ್ಟಿಯಾಗಿರಲಿ, ಸಿಟ್ಟೂ ಗಟ್ಟಿಯಾಗಿರಲಿ.

ಸೋಮವಾರ ನಿಮ್ಮ ದಾರಿ ಕಾಯುವ,
ಭುವನೇಶ್ವರಿ
(ಇನ್ನು ಮುಂದೆ ಅಕ್ಕಾರ ಅನ್ನಬೇಡಿ, ಹೆಸರು ಹಿಡಿದೇ ಕರೆಯಿರಿ)